ಐದರ ಪಾನಕದ ಜಾಡು

ರಾಮನವಮಿಯ ದಿನ ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಗುಡಿಯ ಮುಂದೆ ಕೈಗೆ ಬರುವ ಪಾನಕದ ಲೋಟದಲ್ಲಿ ಸಾಮಾನ್ಯವಾಗಿ ಐದು ವಸ್ತುಗಳಿರುತ್ತವೆ: ನೀರು, ಬೆಲ್ಲ, ನಿಂಬೆರಸ, ಏಲಕ್ಕಿ, ಒಣಶುಂಠಿ. ಸಿಹಿ, ಹುಳಿ, ಖಾರ, ಪರಿಮಳಗಳನ್ನು ನೀರಿನಲ್ಲಿ ಹದವಾಗಿ ಕೂಡಿಸುವ ಈ ವಿದ್ಯೆ ಎಷ್ಟು ಹಳೆಯದೆಂದರೆ, ಅದನ್ನು ಯಾರೂ ವಿದ್ಯೆ ಎಂದು ಕರೆಯುವುದೇ ಇಲ್ಲ. ಇದೇ ಲೆಕ್ಕಕ್ಕೆ ಮದ್ಯವೊಂದನ್ನು ಸೇರಿಸಿದಾಗ ಹುಟ್ಟಿದ ಪೇಯ ಮಾತ್ರ ಜಗತ್ತಿನ ಇತಿಹಾಸದಲ್ಲಿ ದೊಡ್ಡ ಹೆಸರು ಮಾಡಿತು. ಅದರ ಹೆಸರು ‘ಪಂಚ್’. ಇಂದು ಕಾಕ್‌ಟೇಲ್ ಎಂದು ಕರೆಯಲಾಗುವ ಬೆರಕೆ ಪಾನೀಯಗಳಿಗೆಲ್ಲ ಅದು ಮೂಲ ಎಂದು ಆ ವಿಷಯದ ಇತಿಹಾಸಕಾರರು ಹೇಳುತ್ತಾರೆ.

ಹಳೆಯ ಕಾಕ್‌ಟೇಲ್‌ಗಳನ್ನು ಹಳೆಯ ಪುಸ್ತಕಗಳಿಂದ ಹೆಕ್ಕಿ ತೆಗೆದು ಮನೆಯಲ್ಲೇ ಮತ್ತೆ ತಯಾರಿಸುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಕೆಲವು ದಶಕಗಳಿಂದ ಜೋರಾಗಿದೆ. ನಮ್ಮ ನಗರಗಳಿಗೂ ಅದು ಬಂದಿದೆ. ಈ ಹವ್ಯಾಸಿಗಳು ಹಿಂದೆ ಹಿಂದೆ ಹೋಗುತ್ತ ಕೊನೆಗೆ ತಲುಪುವುದು ಲಂಡನ್ನಿಗೂ ಅಲ್ಲ, ನ್ಯೂಯಾರ್ಕಿಗೂ ಅಲ್ಲ. ಅವರು ಬಂದು ನಿಲ್ಲುವುದು ಕೃಷ್ಣಾ ನದಿ ಸಮುದ್ರ ಸೇರುವ ತಾವಿನ ಹತ್ತಿರದ ಒಂದು ಸಣ್ಣ ಬಂದರಿನಲ್ಲಿ. ರಾಯಚೂರು ಜಿಲ್ಲೆಯ ಉತ್ತರದ ಗಡಿಯನ್ನು ಬಳಸಿ ದೇವದುರ್ಗದ ಪಕ್ಕದಲ್ಲೇ ಹರಿದು ಹೋಗುವ ಅದೇ ಕೃಷ್ಣೆ!

ಆ ಬಂದರಿನ ಹೆಸರು ಇಂದು ನಿಜಾಂಪಟ್ಟಣಂ. ಹದಿನೇಳನೆಯ ಶತಮಾನದ ಇಂಗ್ಲಿಷ್ ವ್ಯಾಪಾರಿಗಳ ಬಾಯಲ್ಲಿ ಅದು ಪೇಟಪೋಲಿ. 1632ರ ಸೆಪ್ಟೆಂಬರ್‌ನಲ್ಲಿ ರಾಬರ್ಟ್ ಆಡಮ್ಸ್ ಎಂಬ ಈಸ್ಟ್ ಇಂಡಿಯಾ ಕಂಪೆನಿಯ ನೌಕರ ಅಲ್ಲಿದ್ದ ತನ್ನ ಸಹೋದ್ಯೋಗಿಗೆ ಬರೆದ ಕಾಗದದಲ್ಲಿ ಪಂಚ್ ಕುಡಿಯುವ ಮಾತು ಬರುತ್ತದೆ. ಇಂಗ್ಲಿಷ್ ಭಾಷೆಯಲ್ಲಿ ಆ ಪದ ಕಾಣಿಸಿಕೊಂಡ ಅತ್ಯಂತ ಹಳೆಯ ಉದಾಹರಣೆ ಇದೇ ಎಂದು ಒಪ್ಪಲಾಗಿದೆ. ವಿವರಣೆಯನ್ನೇನೂ ಕೊಡದೆ ಆತ ಪದವನ್ನು ಬಳಸಿರುವುದನ್ನು ನೋಡಿದರೆ, ಕಂಪೆನಿಯವರ ನಡುವೆ ಆ ವೇಳೆಗಾಗಲೇ ಅದು ರೂಢಿಯಾಗಿತ್ತು ಎನ್ನಬೇಕು.

ಹೆಸರು ಎಲ್ಲಿಂದ ಬಂತು? ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ 1670ರ ದಶಕದಲ್ಲಿ ಸೂರತ್, ಗೋವಾ, ಕಾರವಾರ, ಗೋಕರ್ಣಗಳನ್ನೆಲ್ಲ ಸುತ್ತಿದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಗೋವಾದ ನೆರೂಲ್ ಗ್ರಾಮದ ಸಾರಾಯಿ ಅತ್ಯುತ್ತಮವಾದುದೆಂದೂ, ಅದರಿಂದ ಇಂಗ್ಲಿಷರು ಐದು ವಸ್ತುಗಳ ಪೇಯ ಮಾಡುತ್ತಾರೆಂದೂ, ಹಿಂದುಸ್ತಾನಿಯಲ್ಲಿ ‘ಪಂಚ’ ಎಂದರೆ ಐದೆಂದೂ ಆತ ಬರೆದ. ಸಾರಾಯಿ, ಸಕ್ಕರೆ, ನಿಂಬೆ, ನೀರು, ಸಂಬಾರ ಇವೇ ಆ ಐದು ಎಂದು ನಂತರದವರು ಲೆಕ್ಕ ಕೂಡಿಸಿದರು. ಪಂಚಾಮೃತ, ಪಂಚಕಜ್ಜಾಯ, ಪಂಚಗವ್ಯಗಳ ನಾಡಿನವರಿಗೆ ಈ ವ್ಯುತ್ಪತ್ತಿಯಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇರುವ ಈ ಸೀಮೆಯಲ್ಲಂತೂ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಗಳ ಐದರ ಲೆಕ್ಕ ಮಕ್ಕಳಿಗೂ ಗೊತ್ತು.

ಆದರೆ ಇದು ತಕರಾರಿಲ್ಲದ ಮಾತಲ್ಲ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೊ ಹೇಳುವ ಪೇಯದಲ್ಲಿ ಇರುವುದು ನಾಲ್ಕೇ ವಸ್ತು: ಸಾರಾಯಿ, ಗುಲಾಬಿ ನೀರು, ನಿಂಬೆರಸ, ಸಕ್ಕರೆ. ಫ್ರೆಂಚ್ ವೈದ್ಯ ಬರ್ನಿಯೆ ಬಂಗಾಳದಲ್ಲಿ ಕಂಡದ್ದೂ ನಾಲ್ಕು: ಸಾರಾಯಿ, ನಿಂಬೆರಸ, ನೀರು, ಸ್ವಲ್ಪ ಜಾಯಿಕಾಯಿ. ಇದು ಬಾಯಿಗೆ ರುಚಿ, ಮೈಗೆ ಕೇಡು ಎಂದು ವೈದ್ಯನಾದ ಬರ್ನಿಯೆ ಎಚ್ಚರಿಸುವುದನ್ನೂ ಮರೆತಿಲ್ಲ. ಪಂಚ್ ಎಂಬುದು ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ‘ಪಂಚನ್’ ಎಂಬ ಪದದ ಮೊಟಕು ರೂಪವಿರಬಹುದು ಎನ್ನುವ ಪಂಡಿತರೂ ಇದ್ದಾರೆ. ಎರಡೂ ಕಡೆಯ ವಾದವನ್ನು ತೂಗಿದರೆ ಐದರ ಕಡೆಗೇ ತಕ್ಕಡಿ ವಾಲುತ್ತದೆ. ಏಕೆಂದರೆ ಆ ಪೇಯದ ಸಾಮಗ್ರಿಯಲ್ಲಿ ಅಂದು ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದುದು ಒಂದೂ ಇರಲಿಲ್ಲ. ನೀರು ಬಿಟ್ಟರೆ ಉಳಿದದ್ದೆಲ್ಲ ಏಷ್ಯಾದ್ದೇ. ಹಡಗಿನಲ್ಲಿ ತಂದ ಬಿಯರ್ ಮತ್ತು ದ್ರಾಕ್ಷಾರಸ ಬಿಸಿಲಿಗೆ ಕೆಟ್ಟು ಹೋದ ಮೇಲೆ ಸ್ಥಳೀಯ ಸಾರಾಯಿಯ ಒರಟುತನವನ್ನು ಮರೆಸಲು ನಾವಿಕರು ಇಲ್ಲಿನವರ ಪಾನಕದ ಉಪಾಯವನ್ನೇ ಹಿಡಿದರು ಎಂದು ಊಹಿಸುವುದು ಕಷ್ಟವಲ್ಲ.

ಮದ್ಯದಂಗಡಿಯ ಶಬ್ದಕೋಶವನ್ನು ತಿರುವಿದರೆ ಇಂತಹ ಸಾಲಗಳು ಇನ್ನೂ ಇವೆ. ‘ಜ್ಯೂಲೆಪ್’ ಎಂಬುದು ಪಾರಸಿಯ ಗುಲಾಬ್, ಅಂದರೆ ಪನ್ನೀರು. ‘ಶ್ರಬ್’ ಎಂಬ ಹಣ್ಣಿನ ಪೇಯ ಅರಬ್ಬಿಯ ‘ಕುಡಿ’ ಎಂಬ ಧಾತುವಿನಿಂದ ಬಂದದ್ದು; ಮುದಗಲ್ಲಿನ ಮೊಹರಂನಲ್ಲಿ ಹಂಚುವ ಶರಬತ್ತಿಗೂ ಕುಡುಕರ ಶರಾಬಿಗೂ ಅದೇ ಧಾತು ಮೂಲ. ಅರಬ್ಬಿಯಲ್ಲಿ ‘ಅರಖ್’ ಎಂದರೆ ಬೆವರು. ಭಟ್ಟಿಯ ಮುಚ್ಚಳದಿಂದ ಬೆವರಿನಂತೆ ಹನಿಹನಿಯಾಗಿ ಇಳಿಯುವ ದ್ರವಕ್ಕೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಾರದು.

‘ಕಾಕ್‌ಟೇಲ್’ ಎಂಬ ಪದಕ್ಕೆ ಮೊದಲ ಅರ್ಥವಿವರಣೆ ಅಚ್ಚಾದದ್ದು 1806ರ ಮೇ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದರಲ್ಲಿ: ಮದ್ಯ, ಸಕ್ಕರೆ, ನೀರು ಮತ್ತು ಕಹಿ. ಪಂಚ್‌ನ ಹುಳಿ ಹೋಗಿ ಆ ಜಾಗಕ್ಕೆ ಕಹಿ ಬಂದಿತು, ಇಷ್ಟೇ ವ್ಯತ್ಯಾಸ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಅಮೆರಿಕನ್ ಪರಿಚಾರಕ ಇಂತಹ ಪೇಯಗಳ ಮೊದಲ ದೊಡ್ಡ ಪುಸ್ತಕ ಪ್ರಕಟಿಸಿದ. ಅದರಲ್ಲಿ ಸಾರಾಯಿ ಪಂಚ್‌ಗಳಿವೆ; ಸಾರಾಯಿ ಸಿಗದವರಿಗೆ ನಕಲಿ ಸಾರಾಯಿಯ ಪಂಚ್ ಕೂಡ ಇದೆ! ರಮ್ಮಿನಲ್ಲಿ ಲೋಬಾನದ ‘ಹೂವನ್ನು’ ಕರಗಿಸಿದರೆ ಪೂರ್ವದೇಶದ ಸಾರಾಯಿಯ ವಾಸನೆ ಬರುತ್ತದೆ ಎಂಬುದು ಅಲ್ಲಿನ ಉಪಾಯ. ಕೆಂಡದ ಮೇಲೆ ಹಾಕಿ ದರ್ಗಾದಲ್ಲಿ ಧೂಪ ಹಿಡಿಯುವ ಲೋಬಾನವೇ ಇದು. ಪೂರ್ವದ ಪರಿಮಳ ಎಂದರೆ ಪಶ್ಚಿಮದವರಿಗೆ ಏನೆಂದು ತೋರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ತಮಾಷೆಯ ಸಾಕ್ಷಿ ಬೇಕಿಲ್ಲ. (ಮನೆಯಲ್ಲಿ ಪ್ರಯೋಗ ಮಾಡುವವರು ಇದನ್ನು ಮಾತ್ರ ಬಿಟ್ಟುಬಿಡುವುದು ಲೇಸು. ಅಂಗಡಿಯ ಧೂಪದಲ್ಲಿ ಏನೇನು ಬೆರೆತಿರುತ್ತದೋ!)

ಸುಲ್ತಾನನ ಹುಂಡಿ

ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬ್ ನೆಲಕ್ಕೆ ಮದ್ಯದ ಕಥೆ ಇನ್ನೊಂದು ರೀತಿಯಲ್ಲೂ ಅಂಟಿಕೊಂಡಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಇತಿಹಾಸಕಾರ ಫಿರಿಸ್ತಾ ಹೇಳುವಂತೆ, 1366ರಲ್ಲಿ ಗುಲ್ಬರ್ಗದ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಾ ಪಾನಗೋಷ್ಠಿಯಲ್ಲಿದ್ದಾಗ ದೆಹಲಿಯಿಂದ ಬಂದ ಗಾಯಕರು ಅಮೀರ್ ಖುಸ್ರೋನ ಪದ್ಯಗಳನ್ನು ಹಾಡಿದರು. ಮೆಚ್ಚಿದ ಸುಲ್ತಾನ ಅವರಿಗೆ ಇನಾಮು ಕೊಡಲು ಆಜ್ಞೆ ಮಾಡಿದ. ಆದರೆ ಆ ಹಣವನ್ನು ವಿಜಯನಗರದ ಬೊಕ್ಕಸದಿಂದ ಪಡೆಯಬೇಕೆಂದು ಹುಂಡಿ ಬರೆಸಿದ! ಇದು ಮದ್ಯದ ಮಾತು, ಬೆಳಗಾದರೆ ಇಳಿದೀತು ಎಂದು ಮಂತ್ರಿ ಅದನ್ನು ಕಳಿಸದೆ ಇಟ್ಟುಕೊಂಡ. ಮರುದಿನ ಸುಲ್ತಾನ ಅದನ್ನೇ ಕೇಳಿದ, ಹುಂಡಿ ಹೋಯಿತು. ಬುಕ್ಕರಾಯ ಅದನ್ನು ತಂದವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿ, ತುಂಗಭದ್ರೆ ದಾಟಿ ಮುದಗಲ್ ಕೋಟೆಯನ್ನು ಹಿಡಿದ. ಅಲ್ಲಿದ್ದ ಕಾವಲು ಪಡೆಯಲ್ಲಿ ಉಳಿದವನು ಸುದ್ದಿ ಮುಟ್ಟಿಸಿದ ಒಬ್ಬನೇ ಎನ್ನುತ್ತಾನೆ ಫಿರಿಸ್ತಾ. ಆಮೇಲೆ ನಡೆದ ಕೊಲೆಗಳಿಗೆ ಲೆಕ್ಕವಿಲ್ಲ. ಸಂಧಾನವಾದಾಗ ಆ ಗಾಯಕರಿಗೆ ಹಣ ಸಂದಿತಂತೆ.

ಫಿರಿಸ್ತಾ ಇದನ್ನು ಬರೆದದ್ದು ಎರಡೂವರೆ ಶತಮಾನ ಕಳೆದ ಮೇಲೆ. ಕಥೆಯನ್ನು ಚೆನ್ನಾಗಿ ಹೇಳುವ ಉತ್ಸಾಹವೂ ಅವನಿಗೆ ಇತ್ತು. ಯುದ್ಧದ ನಿಜವಾದ ಕಾರಣ ದೋಆಬ್‌ನ ಫಲವತ್ತಾದ ಕಪ್ಪು ನೆಲ ಮತ್ತು ಅದರ ಕೋಟೆಗಳು. ಅದೇ ಕಾರಣಕ್ಕೆ 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಬಂದ. ಆದರೂ ಮದ್ಯದ ಮೇಲೆ ಹೊರಿಸಿದ ಈ ಕಥೆಯೇ ಜನರ ನೆನಪಿನಲ್ಲಿ ಉಳಿದಿರುವುದು.

ಅದೇ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಅಲ್ಲಿಯ ಪೇಟೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ದಾಳಿಂಬೆಗಳು ರಾಶಿರಾಶಿಯಾಗಿ, ಅಗ್ಗವಾಗಿ ಸಿಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಪಾನಕಕ್ಕೆ ಬೇಕಾದ ಸರಂಜಾಮಿಗೆ ಕೊರತೆಯಿರಲಿಲ್ಲ ಎಂದಾಯಿತು. ಅದನ್ನು ಕೂಡಿಸುವ ಕ್ರಮವೇನು ಎಂಬುದಕ್ಕೆ ಇನ್ನೂ ನಾಲ್ಕು ಶತಮಾನ ಹಿಂದೆ ಹೋಗಬೇಕು.

ಒಡೆದ ಹಾಲಿನ ತಿಳಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಇಂದಿನ ಬಸವಕಲ್ಯಾಣದಿಂದ ಆಳಿದ ಈ ಅರಸರ ನಾಡಿನಲ್ಲಿ ರಾಯಚೂರು ಸೀಮೆಯೂ ಸೇರಿತ್ತು. ರಾಜನಾದವನು ಏನು ಉಣ್ಣಬೇಕು, ಏನು ಉಡಬೇಕು, ಹೇಗೆ ಆಡಬೇಕು ಎಂಬುದರ ವಿಶ್ವಕೋಶವದು. ಬರೋಡಾದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925ರಿಂದ 1961ರವರೆಗೆ ಮೂರು ಸಂಪುಟಗಳಲ್ಲಿ ಇದು ಅಚ್ಚಾಗಿದೆ. ಅದರ ಕ್ರೀಡಾವಿಂಶತಿಯಲ್ಲಿ ‘ಮದಿರಾಪಾನ ಕ್ರೀಡೆ’ಗೆಂದೇ ಒಂದು ಭಾಗವಿದೆ. ಕುಡಿತವನ್ನು ಮುಚ್ಚಿಡದೆ, ಅದಕ್ಕೂ ಒಂದು ಹೊತ್ತು, ಒಂದು ಜಾಗ, ಒಂದು ರೀತಿಯನ್ನು ಗೊತ್ತುಮಾಡಿದ ಕಾಲ ಅದು.

ಆದರೆ ಇಂದಿನ ಅಡುಗೆಮನೆಗೆ ಹೆಚ್ಚು ಉಪಯೋಗಕ್ಕೆ ಬರುವುದು ನೀರು ಮತ್ತು ಪಾನಕಗಳ ಭಾಗ. ಸೋಮೇಶ್ವರ ನೀರನ್ನೇ ಒಂದು ಭೋಗವಾಗಿ ಎಣಿಸುತ್ತಾನೆ. ಮಳೆಯ ನೀರು, ನದಿಯ ನೀರು, ಬಾವಿಯ ನೀರು ಎಂದು ಬಗೆಗಳನ್ನು ಹೇಳಿ, ಯಾವ ಋತುವಿಗೆ ಯಾವುದು ಎಂದು ನಿಗದಿ ಮಾಡುತ್ತಾನೆ. ಹೂವು, ಏಲಕ್ಕಿ, ಕರ್ಪೂರ ಮೊದಲಾದವುಗಳಿಂದ ನೀರಿಗೆ ಪರಿಮಳ ಕಟ್ಟುವುದನ್ನು ತಿಳಿಸುತ್ತಾನೆ. ರಾಯಚೂರಿನ ಬೇಸಗೆಯಲ್ಲಿ ಮಣ್ಣಿನ ಕೊಡಕ್ಕೆ ಲಾವಂಚದ ಬೇರು ಹಾಕುವ ಮನೆಗಳಿಗೆ ಇದು ಹೊಸ ಸಂಗತಿಯಲ್ಲ.

ಪಾನಕದ ವಿಧಾನ ಮಾತ್ರ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಕಾಯಿಸಿದ ಹಾಲಿಗೆ ಹುಳಿ ಸೇರಿಸಿ ಒಡೆಯಬೇಕು. ತಿಳಿಯನ್ನು ತೆಗೆದುಕೊಂಡು, ಸಕ್ಕರೆ, ಏಲಕ್ಕಿ ಬೆರೆಸಿ, ಬಿಳಿಯ ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಬೇಕು, ಅದು ಸ್ವಚ್ಛವಾಗುವವರೆಗೆ. ನಮ್ಮ ಮನೆಗಳಲ್ಲಿ ಹಾಲು ಒಡೆಯಿತೆಂದರೆ ಅಪಶಕುನ. ಅಲ್ಲಿ ಅದು ಅರಮನೆಯ ಪಾಕವಿಧಾನ.

ಈಗ ಆರು ಶತಮಾನ ದಾಟಿ ಅಮೆರಿಕಕ್ಕೆ ಹೋಗೋಣ. 1763ರ ಅಕ್ಟೋಬರ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯ ಜೇಮ್ಸ್ ಬೌಡಿನ್‌ಗೆ ‘ಹಾಲಿನ ಪಂಚ್’ ಮಾಡುವ ಕ್ರಮವನ್ನು ಬರೆದು ಕಳಿಸಿದ. ಮಿಂಚನ್ನು ಗಾಳಿಪಟದಿಂದ ಪರೀಕ್ಷಿಸಿದ ಅದೇ ಫ್ರಾಂಕ್ಲಿನ್. 44 ನಿಂಬೆಹಣ್ಣುಗಳ ಸಿಪ್ಪೆಯನ್ನು ತೆಳ್ಳಗೆ ಹೆರೆದು 6 ಕ್ವಾರ್ಟ್ ಬ್ರಾಂಡಿಯಲ್ಲಿ 24 ಗಂಟೆ ನೆನೆಸಿ ಸೋಸಬೇಕು. 4 ಕ್ವಾರ್ಟ್ ನೀರು, 4 ದೊಡ್ಡ ಜಾಯಿಕಾಯಿಗಳ ತುರಿ, 2 ಕ್ವಾರ್ಟ್ ನಿಂಬೆರಸ, 2 ಪೌಂಡ್ ಸಕ್ಕರೆ ಹಾಕಿ ಕರಗಿಸಬೇಕು. 3 ಕ್ವಾರ್ಟ್ ಹಾಲನ್ನು ಕಾಯಿಸಿ ಬಿಸಿಬಿಸಿಯಾಗಿ ಅದಕ್ಕೆ ಸುರಿದು ಕಲಕಬೇಕು. ಎರಡು ಗಂಟೆ ಬಿಟ್ಟು, ತಿಳಿಯಾಗುವವರೆಗೆ ಚೀಲದಲ್ಲಿ ಸೋಸಿ ಸೀಸೆಗೆ ತುಂಬಬೇಕು. ಇಂಗ್ಲೆಂಡಿನಲ್ಲಿ ಇದಕ್ಕೂ ಮೊದಲೇ, 1711ರಲ್ಲಿ, ಮೇರಿ ರಾಕೆಟ್ ಎಂಬ ಗೃಹಿಣಿ ಇಂತಹುದೇ ಕ್ರಮವನ್ನು ಬರೆದಿಟ್ಟಿದ್ದಳು.

ಹುಳಿಯಿಂದ ಹಾಲನ್ನು ಒಡೆಯುವುದು, ಸಿಹಿ ಸೇರಿಸುವುದು, ಸಂಬಾರ ಸೇರಿಸುವುದು, ತಿಳಿಯಾಗುವ ತನಕ ಸೋಸುವುದು. ಕಲ್ಯಾಣದ ಪಾನಕಕ್ಕೂ ಬಾಸ್ಟನ್ನಿನ ಪಂಚ್‌ಗೂ ವ್ಯತ್ಯಾಸ ಬ್ರಾಂಡಿಯೊಂದೇ. ಹಾಗೆಂದು ಇದು ಅಲ್ಲಿಗೆ ಇಲ್ಲಿಂದಲೇ ಹೋಯಿತು ಎಂದು ಎದೆ ತಟ್ಟಿಕೊಳ್ಳುವುದು ಸರಿಯಾಗದು. ನಡುವಿನ ಕೊಂಡಿ ಯಾವುದೂ ಸಿಕ್ಕಿಲ್ಲ. ಹಾಲು ಮತ್ತು ಹುಳಿ ಇರುವಲ್ಲೆಲ್ಲ ಯಾರಾದರೊಬ್ಬರಿಗೆ ಈ ಉಪಾಯ ಹೊಳೆಯಬಹುದು.

ಉಪಾಯದ ಹಿಂದಿರುವ ವಿಜ್ಞಾನವೂ ಸರಳವಾದದ್ದೇ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನ್ ಸಣ್ಣ ಸಣ್ಣ ಗುಂಪುಗಳಾಗಿ ತೇಲುತ್ತಿರುತ್ತದೆ. ಹುಳಿ ಬಿದ್ದಾಗ ಆ ಗುಂಪುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಹೀಗೆ ಗಟ್ಟಿಯಾಗುವಾಗ ದ್ರವದಲ್ಲಿರುವ ಒಗರು ಅಂಶಗಳನ್ನು, ಅಂದರೆ ಟ್ಯಾನಿನ್‌ಗಳನ್ನು, ತಮ್ಮೊಂದಿಗೆ ಹಿಡಿದುಕೊಳ್ಳುತ್ತವೆ. ಬಣ್ಣವೂ ಬಹುಪಾಲು ಹೋಗುತ್ತದೆ. ಉಳಿಯುವುದು ಒಗರಿಲ್ಲದ, ನಾಲಿಗೆಗೆ ಮೆತ್ತಗೆನಿಸುವ ತಿಳಿ. ಒರಟು ಸಾರಾಯಿಯನ್ನು ಪಳಗಿಸಲು ಪಶ್ಚಿಮದವರು ಇದನ್ನು ಬಳಸಿದ್ದು ಇದೇ ಕಾರಣಕ್ಕೆ. ‘ಮತ್ತೆ ಮತ್ತೆ ಸೋಸು’ ಎಂಬ ಮಾತಿಗೂ ಅರ್ಥವಿದೆ. ಮೊದಲ ಸಲ ಇಳಿಯುವುದು ಮಬ್ಬಾಗಿರುತ್ತದೆ. ಬಟ್ಟೆಯಲ್ಲಿ ಉಳಿದ ಗಟ್ಟಿಯ ಮೇಲೆಯೇ ಅದನ್ನು ಮತ್ತೆ ಸುರಿದರೆ ಆ ಗಟ್ಟಿಯೇ ಸೋಸುವ ಹಾಸಾಗಿ ಎರಡನೆಯ, ಮೂರನೆಯ ಸಲಕ್ಕೆ ತಿಳಿ ಕನ್ನಡಿಯಂತಾಗುತ್ತದೆ. ಬಟ್ಟೆಯನ್ನು ಹಿಂಡಿದರೆ ಎಲ್ಲ ಕೆಟ್ಟಿತು.

ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ತೊಡಕುಂಟು. ಸೋಮೇಶ್ವರ ಅಳತೆ ಕೊಡುವುದಿಲ್ಲ. ಕ್ರಿ.ಶ. 1508ರ ಸುಮಾರಿಗೆ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ ಕಲ್ಲಹಳ್ಳಿಯ ಮಂಗರಸ ಪಾನಕಗಳಿಗೆಂದೇ ಒಂದು ಅಧ್ಯಾಯ ಇಟ್ಟಿದ್ದರೂ ಹೇಳುವುದು ಷಟ್ಪದಿಯಲ್ಲಿ. ಪದ್ಯದಲ್ಲಿ ಪಾವು ಸೇರುಗಳಿಗಿಂತ ಪ್ರಾಸಕ್ಕೆ ಜಾಗ ಹೆಚ್ಚು. ಇವನ್ನು ಬರೆದದ್ದು ಕೈಯಳತೆ ಗೊತ್ತಿದ್ದ ಬಾಣಸಿಗರಿಗಾಗಿ. ಆದ್ದರಿಂದ ಪುನಾರಚನೆ ಮಾಡುವವರು ನಾಲಿಗೆಯನ್ನೇ ನಂಬಬೇಕು. ಅರ್ಧ ಲೀಟರ್ ಹಾಲಿಗೆ ಎರಡು ರಸಭರಿತ ನಿಂಬೆಹಣ್ಣು, ನಾಲ್ಕೈದು ಚಮಚ ಸಕ್ಕರೆ, ಎರಡು ಏಲಕ್ಕಿ ಎಂದು ಶುರುಮಾಡಿದರೆ ಹದ ಸಿಗುತ್ತದೆ. ಉಳಿದ ಗಟ್ಟಿಗೆ ಬೆಲ್ಲ ಕಲಸಿದರೆ ಮಕ್ಕಳು ಬಿಡುವುದಿಲ್ಲ.

ಇನ್ನೊಂದು ವಿಷಯ ತಣ್ಣಗಿನದು. ಹಳೆಯ ಪಂಚ್‌ಗಳನ್ನು ಮಂಜುಗಡ್ಡೆ ತುಂಬಿದ ಲೋಟದಲ್ಲಿ ಕೊಡುವುದು ಇಂದಿನ ರೂಢಿ. ಅಂದು ಅದು ಸಾಧ್ಯವಿರಲಿಲ್ಲ. ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆಗೆ ಮೊದಲು ಬಂದದ್ದೇ 1833ರಲ್ಲಿ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂತಹ ಒಳನಾಡಿಗೆ ಅದು ಕನಸು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್‌ನ ದಂಡು ಇದ್ದ ಕಾಲದಲ್ಲಿ ಅಲ್ಲಿಯ ಅಧಿಕಾರಿಗಳಿಗೂ ಒದ್ದೆ ಬಟ್ಟೆ ಸುತ್ತಿದ ಹೂಜಿಯೇ ಗತಿಯಾಗಿದ್ದಿರಬೇಕು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ಮತ್ತು ಮದರಾಸಿನ ರೈಲುದಾರಿ ರಾಯಚೂರಿನಲ್ಲಿ ಕೂಡಿಕೊಂಡವು. ಆಮೇಲೆ ಎರಡು ಬಂದರುಗಳ ಸರಕು ಇಲ್ಲಿಗೆ ಸುಲಭವಾಯಿತು. ಅದೇ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಗೋಲಿಯ ಸೀಸೆ ತನ್ನ ತವರಿನಲ್ಲಿ ಮರೆಯಾಗಿ ಎಷ್ಟೋ ಕಾಲವಾದ ಮೇಲೂ ನಮ್ಮ ಊರುಗಳ ಗೋಲಿ ಸೋಡಾದಲ್ಲಿ ಬಾಳಿದೆ.

ಈಚಲ ಮರದ ಕೆಳಗೆ

ಹಳೆಯ ಪೇಯಗಳನ್ನು ಮತ್ತೆ ಮಾಡುವ ಮಾತು ಬಂದಾಗ ರಾಯಚೂರಿನಲ್ಲಿ ನುಣುಚಿಕೊಳ್ಳಲಾಗದ ಪ್ರಶ್ನೆಯೊಂದಿದೆ. ಅದು ಸೇಂದಿಯ ಪ್ರಶ್ನೆ.

ಈ ಸೀಮೆಯ ಸಾಮಾನ್ಯ ಜನರ ಪೇಯ ಅರಮನೆಯ ಪಾನಕವೂ ಆಗಿರಲಿಲ್ಲ, ದಂಡಿನ ಪಂಚ್ ಕೂಡ ಆಗಿರಲಿಲ್ಲ. ಹಳ್ಳದ ದಂಡೆಯ ಈಚಲ ಮರದಿಂದ ಇಳಿಸಿದ ರಸವೇ ಅದು. ಮರದ ತಲೆಯ ಹತ್ತಿರ ಕೊಯ್ದು ಗಡಿಗೆ ಕಟ್ಟಿದರೆ ರಾತ್ರಿಯಿಡೀ ಸಿಹಿ ರಸ ಇಳಿಯುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿ ಉಳಿದೀತು. ಇಲ್ಲದಿದ್ದರೆ ಗಾಳಿಯ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸೇರಿ ಕೆಲವೇ ಗಂಟೆಗಳಲ್ಲಿ ಅದನ್ನು ಹೆಂಡವಾಗಿಸುತ್ತವೆ. ಬೆಳಗಿನದು ಸಿಹಿ, ಮಧ್ಯಾಹ್ನದ್ದು ಖಾರ, ಮರುದಿನದ್ದು ಹುಳಿ. ಹೀಗಾಗಿ ನಿಜವಾದ ಸೇಂದಿಯನ್ನು ದೂರ ಸಾಗಿಸುವುದು, ಕೂಡಿಡುವುದು ಸಾಧ್ಯವಿರಲಿಲ್ಲ. ಮರ ಎಷ್ಟು ಕೊಟ್ಟಿತೋ ಅಷ್ಟೇ ಕುಡಿತ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಒಬ್ಬ. ‘ಧರ್ಮೇಶ್ವರಲಿಂಗ’ ಅಂಕಿತದಲ್ಲಿ ವಚನ ಬರೆದ ಆತ ತನ್ನ ಕಸುಬಿನ ಮಡಕೆ, ಸುಧೆಗಳನ್ನೇ ಅಧ್ಯಾತ್ಮದ ಮಾತಿಗೆ ಬಳಸಿಕೊಂಡ.

ಭಟ್ಟಿ ಇಳಿಸುವುದು ಬೇರೆಯೇ ಕಸುಬು. ಅಕ್ಬರನ ಕಾಲದ ‘ಐನ್-ಎ-ಅಕ್ಬರಿ’ಯಲ್ಲಿ ಕಬ್ಬನ್ನು ಜಜ್ಜಿ, ನೀರು ಮತ್ತು ಜಾಲಿಯ ತೊಗಟೆ ಸೇರಿಸಿ ಹುಳಿಬರಿಸಿ, ಮೂರು ಬಗೆಯ ಪಾತ್ರೆಗಳಲ್ಲಿ ಬಟ್ಟಿ ಇಳಿಸುವ ವಿವರವಿದೆ. ಇಂತಹ ಹಳೆಯ ವಿಧಾನಗಳನ್ನು ಓದಿದಾಗ ಕೈ ತುರಿಸುವುದು ಸಹಜ. ಆದರೆ ಮನೆಯಲ್ಲಿ ಇದನ್ನು ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕಾನೂನಿನ ಮಾತು ಹಾಗಿರಲಿ, ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ ಕಣ್ಣು ಹೋದವರ, ಜೀವ ಹೋದವರ ಸುದ್ದಿ ನಮ್ಮ ದೇಶದಲ್ಲಿ ಎಷ್ಟು ಸಲ ಬಂದಿಲ್ಲ?

ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಅಬಕಾರಿ ದೊಡ್ಡ ಆದಾಯದ ಬಾಬತ್ತಾಗಿತ್ತು. ಸೇಂದಿಖಾನೆಗಳು ಗುತ್ತಿಗೆದಾರರ ಕೈಯಲ್ಲಿದ್ದವು. ಸಂಸ್ಥಾನ ಹೋಗಿ 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಗುತ್ತಿಗೆಯ ಪದ್ಧತಿ ಮುಂದುವರಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಕರಾವಳಿ ಬಿಟ್ಟು ಉಳಿದೆಡೆ ಸೇಂದಿ ಇಳಿಸುವುದನ್ನು ಸರ್ಕಾರ ನಿಲ್ಲಿಸಿತು. 2007ರ ಜುಲೈ 1ರಿಂದ ಸಾರಾಯಿ ಮಾರಾಟವೂ ರಾಜ್ಯದಲ್ಲಿ ನಿಂತಿತು. ಮರ ಏರುತ್ತಿದ್ದ ಈಡಿಗ ಕುಟುಂಬಗಳು ಬೇರೆ ಕೆಲಸ ಹುಡುಕಿಕೊಂಡವು. ಮರ ಕೊಯ್ಯುವ ಕೈಚಳಕ ಒಂದು ತಲೆಮಾರು ಬಿಟ್ಟರೆ ಮತ್ತೆ ಬರುವಂಥದಲ್ಲ.

ಸೇಂದಿ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅದರೊಳಗಿನ ವಸ್ತು ಬದಲಾಯಿತು. ರಾಯಚೂರು ಜಿಲ್ಲೆಯಲ್ಲಿ ‘ಸಿ.ಎಚ್. ಪೌಡರ್’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕದ ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ಅವು. ನೀರಿಗೆ ಈ ಪುಡಿ, ಸಿಹಿಗೆ ಸ್ಯಾಕರಿನ್, ಬಣ್ಣಕ್ಕೆ ಇನ್ನೇನೋ ಸೇರಿಸಿದರೆ ಮರವೇ ಇಲ್ಲದ ಸೇಂದಿ ಸಿದ್ಧ. ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ 1832ರಲ್ಲಿ ತಯಾರಿಸಿದ ಈ ವಸ್ತು 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂತು. ಮತ್ತು ಬರಿಸುವ ಗುಣಕ್ಕಿಂತ ಚಟ ಹಿಡಿಸುವ ಗುಣ ಇದರಲ್ಲಿ ಹೆಚ್ಚು ಅಪಾಯಕಾರಿ. ಅಭ್ಯಾಸವಾದವರಿಗೆ ಒಮ್ಮೆಲೆ ನಿಲ್ಲಿಸಿದರೆ ಕೈಕಾಲು ನಡುಗಿ, ಭ್ರಮೆ ಹಿಡಿದು, ಫಿಟ್ಸ್ ಬರುವುದೂ ಉಂಟು. ಅದಕ್ಕೇ ದಾಳಿ ನಡೆದು ಸರಬರಾಜು ನಿಂತಾಗಲೆಲ್ಲ ವ್ಯಸನಿಗಳನ್ನು ಆಸ್ಪತ್ರೆಗೆ ಹೊತ್ತು ತರಬೇಕಾಗುತ್ತದೆ.

ವಿಚಿತ್ರವೆಂದರೆ ಕಾಕ್‌ಟೇಲ್‌ಗಳ ಇತಿಹಾಸದಲ್ಲೂ ಈ ಪುಡಿಗೆ ಒಂದು ಕುಖ್ಯಾತ ಪುಟವಿದೆ. ಷಿಕಾಗೋ ನಗರದಲ್ಲಿ ಮಿಕಿ ಫಿನ್ ಎಂಬ ಮದ್ಯದಂಗಡಿಯವನು ಗಿರಾಕಿಗಳ ಲೋಟಕ್ಕೆ ಮತ್ತಿನ ಮದ್ದು ಹಾಕಿ ಅವರನ್ನು ದೋಚುತ್ತಿದ್ದನೆಂಬ ಆರೋಪದ ಮೇಲೆ 1903ರಲ್ಲಿ ಅವನ ಅಂಗಡಿ ಮುಚ್ಚಿತು. ಮದ್ದು ಬೆರೆಸಿದ ಪೇಯಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ ಅವನದೇ ಹೆಸರು. ಆ ಮದ್ದು ಕ್ಲೋರಲ್ ಹೈಡ್ರೇಟ್ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಷಿಕಾಗೋದಲ್ಲಿ ಪರಸ್ಥಳದ ಗಿರಾಕಿಗೆ ಒಮ್ಮೆ ಹಾಕುತ್ತಿದ್ದುದನ್ನು ಇಲ್ಲಿ ದಿನಗೂಲಿಯವನಿಗೆ ನಿತ್ಯ ಹಾಕಲಾಗುತ್ತಿದೆ.

ಇದರ ಭಾರ ಹೊತ್ತವರು ಮನೆಯ ಹೆಂಗಸರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಮಹಿಳೆಯರು ನಡೆದುಕೊಂಡೇ ಹೋದರು. ಆ ಆಂದೋಲನಕ್ಕೆ ರಾಯಚೂರು ಜಿಲ್ಲೆ ಮುಖ್ಯ ನೆಲೆ. ಕೂಲಿ ಬಿಟ್ಟು ರೊಟ್ಟಿ ಕಟ್ಟಿಕೊಂಡು ಬಂದವರೇ ಅದರಲ್ಲಿ ಹೆಚ್ಚು. ಅವರ ಮುಂದೆ ನಿಂತು ಹಳೆಯ ಕಾಲದ ಮದ್ಯದ ಸೊಗಸನ್ನು ವರ್ಣಿಸುವುದು ಯಾರಿಗೂ ಸುಲಭವಲ್ಲ. ಹಾಗೆಯೇ, ಬೆಳಗಿನ ನೀರಾಕ್ಕೂ ಪುಡಿಯ ನೀರಿಗೂ ಒಂದೇ ಹೆಸರಿಟ್ಟು ಕೂಡಿಯೇ ಹೂಳುವುದೂ ಇತಿಹಾಸಕ್ಕೆ ನ್ಯಾಯವಾಗಲಾರದು. ಈಚಲ ವನಗಳನ್ನು ನೀರಾ, ಬೆಲ್ಲಗಳಿಗಾದರೂ ಬಳಸಬಹುದೆ ಎಂಬುದು ಯೋಚಿಸತಕ್ಕ ವಿಷಯ.

ಹಾಗಾದರೆ ಈ ಜಾಡಿನಲ್ಲಿ ಮನೆಯೊಳಗೆ ಬರಬಹುದಾದದ್ದು ಯಾವುದು? ಫ್ರೈಯರನ ಪಂಚ್ ಬೇಕೆನ್ನುವವರಿಗೆ ಅವನು ಹೊಗಳಿದ ಸಾರಾಯಿಯ ಇಂದಿನ ನೆಂಟ ಗೋವಾದ ತೆಂಗಿನ ಫೆನ್ನಿ. ಗೇರುಹಣ್ಣಿನದಲ್ಲ, ಅದರ ವಾಸನೆಯೇ ಬೇರೆ. ಫ್ರಾಂಕ್ಲಿನ್ನನ ಲೆಕ್ಕವನ್ನು ಹನ್ನೆರಡರಿಂದ ಭಾಗಿಸಿದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಬ್ರಾಂಡಿ, ಕಾಲು ಲೀಟರ್ ಹಾಲು, 75 ಗ್ರಾಂ ಸಕ್ಕರೆ ಬರುತ್ತದೆ. ಮದ್ಯ ಮನೆಗೆ ಬರಕೂಡದು ಎನ್ನುವವರು, ಈ ಸೀಮೆಯಲ್ಲಿ ಅವರೇ ಹೆಚ್ಚು, ಬ್ರಾಂಡಿಯ ಜಾಗಕ್ಕೆ ಗಟ್ಟಿಯಾದ ಚಹಾ ಕಷಾಯ ಹಾಕಬಹುದು. ಹಾಲು ಹಿಡಿದು ತೆಗೆಯುವ ಒಗರು ಚಹಾದಲ್ಲಿ ಧಾರಾಳವಾಗಿದೆ. ನಿಂಬೆಯ ಸಿಪ್ಪೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಲ್ಲಿಯದು ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ನಮ್ಮ ಸಂತೆಯ ಸಣ್ಣ ನಿಂಬೆಯ ಸಿಪ್ಪೆಯನ್ನು ಅಷ್ಟೇ ಲೆಕ್ಕದಲ್ಲಿ ನೆನೆಸಿದರೆ ಬಾಯಿಗಿಡಲಾಗದ ಕಹಿಯಾಗುತ್ತದೆ. ಒಂದು ಹಣ್ಣಿನದು ಸಾಕು. ಸೋಸುವ ಕೆಲಸವನ್ನು ರಾತ್ರಿ ಮಲಗುವ ಮುಂಚೆ, ತೆಳ್ಳನೆಯ ಹಳೆಯ ಧೋತರದ ತುಂಡಿನಲ್ಲಿ, ಅವಸರವಿಲ್ಲದೆ ಹನಿಯಲು ಬಿಟ್ಟರೆ ಬೆಳಗಿನ ಹೊತ್ತಿಗೆ ತಿಳಿ ಪಾತ್ರೆಯಲ್ಲಿರುತ್ತದೆ.